ಕಾರಿನ ವೇಗವೆಷ್ಟು, ಚಾಲಕನದೆಷ್ಟು?

1954ರ ಜುಲೈನಲ್ಲಿ ಸಿಲ್ವರ್‌ಸ್ಟೋನ್‌ನಲ್ಲಿ ನಡೆದ ಬ್ರಿಟಿಷ್ ಗ್ರ್ಯಾನ್ ಪ್ರಿಯಲ್ಲಿ ಒಂದೇ ಒಂದು ಅಂಕವನ್ನು ಏಳು ಜನರಿಗೆ ಹಂಚಬೇಕಾಯಿತು. ರೇಸಿನಲ್ಲಿ ಅತಿ ವೇಗದ ಸುತ್ತು ಹಾಕಿದವರಿಗೆ ಒಂದು ಅಂಕ ಕೊಡುವುದು ಆಗಿನ ಪದ್ಧತಿ. ಸಮಯವನ್ನು ಪೂರ್ಣ ಸೆಕೆಂಡುಗಳಲ್ಲಷ್ಟೇ ಬರೆದುಕೊಂಡಿದ್ದರಿಂದ ಫೆರಾರಿ, ಮಸೆರಾಟಿ, ಮರ್ಸಿಡಿಸ್, ಗಾರ್ಡಿನಿ ಎಂಬ ನಾಲ್ಕು ಕಂಪನಿಗಳ ಕಾರುಗಳಲ್ಲಿದ್ದ ಏಳು ಚಾಲಕರ ಹೆಸರಿನ ಮುಂದೆ ಒಂದೇ ಅಂಕಿ ಬಂತು: 1 ನಿಮಿಷ 50 ಸೆಕೆಂಡ್. ತಲಾ ಏಳನೇ ಒಂದು ಅಂಕ. ಆ ವರ್ಷದ ಚಾಂಪಿಯನ್‌ಷಿಪ್ ಪಟ್ಟಿಯಲ್ಲಿ ಮೈಕ್ ಹಾಥಾರ್ನ್ ಹೆಸರಿನ ಮುಂದೆ 24 9/14 ಎಂಬ ಭಿನ್ನರಾಶಿ ಇಂದಿಗೂ ಹಾಗೇ ಉಳಿದಿದೆ. ಆ ವೇಗದಲ್ಲಿ ಒಂದು ಸೆಕೆಂಡ್ ಎಂದರೆ 40 ಮೀಟರಿಗೂ ಹೆಚ್ಚು ದೂರ. ಅಷ್ಟರೊಳಗೆ ಯಾವ ಕಾರು ಮೇಲು ಎಂದು ಹೇಳಲು ಅಂದಿನ ಅಳತೆಗೆ ಆಗುತ್ತಿರಲಿಲ್ಲ.

ಫಾರ್ಮುಲಾ ಒನ್ ವಿಶ್ವ ಚಾಂಪಿಯನ್‌ಷಿಪ್ ಶುರುವಾದದ್ದು 1950ರಲ್ಲಿ. ಮೊದಲ ಎರಡು ದಶಕ ತಂಡಗಳ ಬಳಿ ಇದ್ದ ದತ್ತಾಂಶವೆಂದರೆ ಸ್ಟಾಪ್‌ವಾಚ್ ಮತ್ತು ಕಾಗದ. ಪಿಟ್ ಗೋಡೆಯ ಬಳಿ ಕುಳಿತು ಸುತ್ತಿನ ಸಮಯ ದಾಖಲಿಸುತ್ತಿದ್ದವರಲ್ಲಿ ಚಾಲಕರ ಪತ್ನಿಯರೂ ಇದ್ದರು. ಜಾಕಿ ಸ್ಟೀವರ್ಟ್ ಅವರ ಪತ್ನಿ ಹೆಲೆನ್, ಯೋಹೆನ್ ರಿಂಟ್ ಅವರ ಪತ್ನಿ ನೀನಾ ಕೈಯಲ್ಲಿ ಗಡಿಯಾರ ಹಿಡಿದು ಕುಳಿತ ಚಿತ್ರಗಳು ಆ ಕಾಲದ ನೆನಪಾಗಿ ಉಳಿದಿವೆ. ಅಳತೆ ಬರಬರುತ್ತಾ ಸೂಕ್ಷ್ಮವಾಯಿತು. 1971ರಲ್ಲಿ ಮೊಂಜಾದಲ್ಲಿ ಪೀಟರ್ ಗೆಥಿನ್ ಗೆದ್ದದ್ದು ಸೆಕೆಂಡಿನ ನೂರನೇ ಒಂದು ಭಾಗದಿಂದ. ರೇಸಿನಲ್ಲಿ ಯಾರು ಎಲ್ಲಿಂದ ಹೊರಡಬೇಕೆಂದು ತೀರ್ಮಾನಿಸುವುದು ಅರ್ಹತಾ ಸುತ್ತು; 1997ರಲ್ಲಿ ಸ್ಪೇನಿನ ಹೆರೆಸ್‌ನ ಅರ್ಹತಾ ಸುತ್ತಿನ ಹೊತ್ತಿಗೆ ಸೆಕೆಂಡಿನ ಸಾವಿರನೇ ಒಂದು ಭಾಗವನ್ನು ಅಳೆಯುತ್ತಿದ್ದರು. ಆದರೂ ಜಾಕ್ ವಿಲ್ನೆವ್, ಮೈಕಲ್ ಶುಮಾಕರ್, ಹೈಂಟ್ಸ್ ಹೆರಾಲ್ಡ್ ಫ್ರೆಂಟ್ಸೆನ್ ಮೂವರೂ 1 ನಿಮಿಷ 21.072 ಸೆಕೆಂಡಿಗೆ ಬಂದು ನಿಂತರು. ಇಬ್ಬರು ವಿಲಿಯಮ್ಸ್ ಕಾರಿನಲ್ಲಿದ್ದವರು, ಒಬ್ಬರು ಫೆರಾರಿಯಲ್ಲಿದ್ದವರು. ಮೊದಲು ಆ ಸಮಯ ದಾಖಲಿಸಿದ್ದ ವಿಲ್ನೆವ್‌ಗೆ ಮೊದಲ ಸ್ಥಾನ ಸಿಕ್ಕಿತು.

ಗಡಿಯಾರ ಎಷ್ಟೇ ಸೂಕ್ಷ್ಮವಾದರೂ ಅದು ಅಳೆಯುವುದು ಕಾರು, ಚಾಲಕ, ಟೈರು, ಇಂಧನ, ರಸ್ತೆ, ಹವೆ ಎಲ್ಲ ಬೆರೆತ ಒಂದು ಮೊತ್ತವನ್ನು. ಕಾರುಗಳನ್ನು ಅಳೆದು ಹೋಲಿಸುವ ಕ್ಷೇತ್ರದ ಎಪ್ಪತ್ತು ವರ್ಷಗಳ ಕೆಲಸವೆಲ್ಲ ಆ ಮೊತ್ತವನ್ನು ಬಿಡಿಸುವ ಕೆಲಸ ಎಂದೇ ನಾನು ತಿಳಿದಿದ್ದೇನೆ. ಯಾವುದನ್ನು ಕಳೆದ ಮೇಲೆ ಉಳಿದದ್ದು ಕಾರಿನದು ಎನ್ನಬಹುದು? ಇಲ್ಲಿಯ ನಿಜವಾದ ಪ್ರಗತಿಯೆಲ್ಲ ಈ ಪ್ರಶ್ನೆಯನ್ನು ಸರಿಯಾಗಿ ಕೇಳಿಕೊಂಡದ್ದರಿಂದ ಬಂದದ್ದು.

ಇದಕ್ಕೆ 1988ಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ. ಆ ವರ್ಷ ಹೋಂಡಾ ಎಂಜಿನ್ನಿನ ಮೆಕ್ಲಾರೆನ್ ಕಾರು 16 ರೇಸುಗಳಲ್ಲಿ 15ನ್ನು ಗೆದ್ದಿತು. ಏಪ್ರಿಲ್ ತಿಂಗಳ ಕೊನೆಯಲ್ಲಿ ಇಮೋಲಾದ ಅರ್ಹತಾ ಸುತ್ತಿನಲ್ಲಿ ಆಯರ್ಟನ್ ಸೆನ್ನಾ 1 ನಿಮಿಷ 27.148, ಅಲೈನ್ ಪ್ರಾಸ್ಟ್ 1 ನಿಮಿಷ 27.919. ಮೂರನೆಯವರಾದ ನೆಲ್ಸನ್ ಪಿಕೆ 1 ನಿಮಿಷ 30.500. ಪಿಕೆ ಓಡಿಸುತ್ತಿದ್ದ ಲೋಟಸ್ ಕಾರಿನಲ್ಲೂ ಅದೇ ಹೋಂಡಾ ಎಂಜಿನ್. ಅಂದರೆ ಎಂಜಿನ್ ಲೆಕ್ಕದಿಂದ ಹೊರಗೆ ಹೋಯಿತು. ಪಿಕೆ ಮೂರು ಬಾರಿಯ ವಿಶ್ವ ಚಾಂಪಿಯನ್ ಆದ್ದರಿಂದ ಮೂರು ಸೆಕೆಂಡುಗಳ ಅಂತರವನ್ನು ಅವರ ತಲೆಗೆ ಕಟ್ಟುವುದೂ ಕಷ್ಟ. ಅದರ ಬಹುಪಾಲು ಕಾರಿನ ಮೈಕಟ್ಟಿನದು ಎನ್ನಲು ಅಡ್ಡಿಯಿಲ್ಲ. ಇಷ್ಟು ಸ್ವಚ್ಛವಾದ ಹೋಲಿಕೆ ಮೋಟಾರ್ ರೇಸಿಂಗ್‌ನಲ್ಲಿ ಅಪರೂಪಕ್ಕೆ ಸಿಗುತ್ತದೆ.

ಎರಡು ವಾರದ ಬಳಿಕ ಮೊನಾಕೊ. ಅದೇ ಮೆಕ್ಲಾರೆನ್‌ನಲ್ಲಿ ಸೆನ್ನಾ 1 ನಿಮಿಷ 23.998, ಪ್ರಾಸ್ಟ್ 1 ನಿಮಿಷ 25.425. ಫೆರಾರಿಯ ಗೆರ್ಹಾರ್ಡ್ ಬರ್ಗರ್ 1 ನಿಮಿಷ 26.685. ಆ ದಿನ ಸೆನ್ನಾ ಇರದಿದ್ದರೆ ಮೆಕ್ಲಾರೆನ್ ಫೆರಾರಿಗಿಂತ 1.26 ಸೆಕೆಂಡ್ ಮೇಲು ಎಂದು ಬರೆಯುತ್ತಿದ್ದೆವು. ಸೆನ್ನಾ ಇದ್ದುದರಿಂದ ಅದು 2.687 ಆಯಿತು. ಕಾರು ಒಂದೇ, ಸಂಜೆಯ ಹೊತ್ತಿಗೆ ಅದರ ಶ್ರೇಷ್ಠತೆಗೆ ಎರಡು ಅಂಕಿಗಳು, ಒಂದು ಇನ್ನೊಂದರ ಎರಡು ಪಟ್ಟಿಗಿಂತ ದೊಡ್ಡದು. ಸೆನ್ನಾರ ಆ ಸುತ್ತನ್ನು ಇಂದಿಗೂ ಜನ ಬೆರಗಿನಿಂದ ನೆನೆಯುತ್ತಾರೆ. ಲೆಕ್ಕ ಹಾಕುವವರಿಗೆ ಅದು ತಲೆನೋವನ್ನೂ ಬಿಟ್ಟುಹೋಯಿತು.

ಈಗ ರೂಢಿಯಲ್ಲಿರುವ ವಿಧಾನ ಸರಳವಾದದ್ದು. ಪ್ರತಿ ವಾರಾಂತ್ಯ ಪ್ರತಿ ತಂಡದ ಎರಡು ಕಾರುಗಳಲ್ಲಿ ಹೆಚ್ಚು ವೇಗವಾದದ್ದರ ಸಮಯ ತೆಗೆದುಕೊಂಡು, ಅದು ಎಲ್ಲರಿಗಿಂತ ವೇಗದ ಸುತ್ತಿಗಿಂತ ಶೇಕಡ ಎಷ್ಟು ಹಿಂದಿದೆ ಎಂದು ನೋಡುವುದು. ಸೆಕೆಂಡಿನ ಬದಲು ಶೇಕಡ ಏಕೆಂದರೆ ಟ್ರ್ಯಾಕುಗಳ ಉದ್ದ ಬೇರೆ ಬೇರೆ. 3.337 ಕಿ.ಮೀ. ಉದ್ದದ ಮೊನಾಕೊದಲ್ಲಿ ಅರ್ಧ ಸೆಕೆಂಡ್ ಎಂದರೆ ಶೇ 0.7ರಷ್ಟು. 7.004 ಕಿ.ಮೀ. ಉದ್ದದ ಬೆಲ್ಜಿಯಂನ ಸ್ಪಾದಲ್ಲಿ ಅದೇ ಅರ್ಧ ಸೆಕೆಂಡ್ ಶೇ 0.5ಕ್ಕೂ ಕಡಿಮೆ. ಋತುವಿನ ಕೊನೆಗೆ ಸರಾಸರಿಗಿಂತ ಮಧ್ಯಾಂಕ ತೆಗೆಯುವುದು ಒಳ್ಳೆಯದು. ಒಂದು ಮಳೆಯ ಶನಿವಾರ ಸರಾಸರಿಯನ್ನು ಕೆಡಿಸಿಬಿಡುತ್ತದೆ, ಮಧ್ಯಾಂಕ ಅಷ್ಟು ಸುಲಭಕ್ಕೆ ಅಲುಗುವುದಿಲ್ಲ.

ಈ ಸರಳ ವಿಧಾನಕ್ಕೂ ಒಂದು ಕಾಲಘಟ್ಟ ದಕ್ಕುವುದಿಲ್ಲ. 2003ರಿಂದ 2009ರವರೆಗೆ, ಒಂದಲ್ಲ ಒಂದು ರೂಪದಲ್ಲಿ, ರೇಸಿಗೆ ಬೇಕಾದ ಇಂಧನವನ್ನು ಹೊತ್ತೇ ಅರ್ಹತಾ ಸುತ್ತು ಹಾಕಬೇಕಿತ್ತು. ಹತ್ತು ಕಿಲೋ ಇಂಧನ ಹೆಚ್ಚಾದರೆ ಸುತ್ತಿಗೆ ಸುಮಾರು 0.3 ಸೆಕೆಂಡ್ ನಷ್ಟ ಎಂಬುದು ಎಂಜಿನಿಯರುಗಳ ಅಂದಾಜು. ಯಾರು ಎಷ್ಟು ತುಂಬಿಸಿದ್ದರೆಂಬುದು ತಂಡದ ಗುಟ್ಟು. ಆದ್ದರಿಂದ ಆ ವರ್ಷಗಳಲ್ಲಿ ಸಾಲಿನ ಮೊದಲಲ್ಲಿ ನಿಂತ ಕಾರೇ ಅತಿ ವೇಗದ್ದು ಎನ್ನುವಂತಿಲ್ಲ. 2009ರಲ್ಲಿ ಮಾತ್ರ ಅರ್ಹತಾ ಸುತ್ತಿನ ನಂತರ ಕಾರುಗಳ ತೂಕವನ್ನು ಪ್ರಕಟಿಸತೊಡಗಿದರು. ಹಳೆಯ ಋತುಗಳನ್ನು ಹೋಲಿಸುವ ಎಷ್ಟೋ ಪಟ್ಟಿಗಳು ಇದನ್ನು ಗಮನಿಸದೆ ಏಳು ವರ್ಷಗಳನ್ನು ಉಳಿದವುಗಳ ಜೊತೆ ಸೇರಿಸಿಬಿಡುತ್ತವೆ. ಅದು ತಪ್ಪು.

ಅದೇ 2009ರಲ್ಲಿ ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ ಅವರ ಫೋರ್ಸ್ ಇಂಡಿಯಾ ತಂಡ ಇನ್ನೊಂದು ಪಾಠ ಕಲಿಸಿತು. ಸ್ಪಾಗೆ ಬರುವ ತನಕ ಆ ತಂಡಕ್ಕೆ ಅದರ ಚರಿತ್ರೆಯಲ್ಲೇ ಒಂದು ಅಂಕವೂ ಸಿಕ್ಕಿರಲಿಲ್ಲ. ಸ್ಪಾದಲ್ಲಿ ಜಿಯಾನ್‌ಕಾರ್ಲೊ ಫಿಸಿಕೆಲ್ಲಾ ಅರ್ಹತಾ ಸುತ್ತಿನಲ್ಲಿ ಎಲ್ಲರನ್ನೂ ಮೀರಿಸಿದರು, ಮರುದಿನ ಕಿಮಿ ರೈಕೊನೆನ್ ಅವರ ಬೆನ್ನಿಗೇ ಒಂದು ಸೆಕೆಂಡಿಗಿಂತ ಕಡಿಮೆ ಅಂತರದಲ್ಲಿ ಎರಡನೆಯವರಾಗಿ ಗುರಿ ಮುಟ್ಟಿದರು. ಮುಂದಿನ ರೇಸು ಮೊಂಜಾದಲ್ಲಿ ಏಡ್ರಿಯನ್ ಸುಟಿಲ್ ಎರಡನೇ ಸ್ಥಾನದಿಂದ ಹೊರಟರು. ಗಾಳಿಯ ಎಳೆತ ಕಡಿಮೆಯಿದ್ದ ಆ ಕಾರಿಗೆ ಉದ್ದನೆಯ ನೇರ ಹಾದಿಗಳು ಒಗ್ಗಿದವು, ಬಿಗಿ ತಿರುವುಗಳು ಒಗ್ಗುತ್ತಿರಲಿಲ್ಲ. ಒಂದು ಕಾರಿಗೆ ಒಂದೇ ಅಂಕಿ ಕೊಟ್ಟು ಕೂರಿಸುವ ಪಟ್ಟಿಯಲ್ಲಿ ಇದು ಕಾಣುವುದೇ ಇಲ್ಲ. ನಿಧಾನ ತಿರುವು, ವೇಗದ ತಿರುವು, ನೇರ ಹಾದಿ ಎಂದು ಬಿಡಿಸಿ ನೋಡಿದಾಗಲೇ ಕಾರಿನ ಗುಣ ತಿಳಿಯುತ್ತದೆ. ಹೋಲಿಕೆ ಮಾಡುವವರು ಕೊಡಬೇಕಾದದ್ದು ಇಂಥ ಚಿತ್ರವನ್ನು.

ಬಿಡಿಸಿ ನೋಡಲು ಸೆನ್ಸರುಗಳು ಬೇಕು. 1970ರ ದಶಕದಲ್ಲಿ ಟಿರೆಲ್ ತಂಡದಲ್ಲಿ ಕಾರ್ಲ್ ಕೆಂಫ್ ಎಂಬ ಅಮೆರಿಕನ್ ಗಣಿತಜ್ಞ ಕಾರಿನೊಳಗೆ ದತ್ತಾಂಶ ದಾಖಲಿಸುವ ಕೆಲಸ ಆರಂಭಿಸಿದರು. 80ರ ದಶಕದಲ್ಲಿ ಟೆಲಿಮೆಟ್ರಿ ಬಂತು, ಓಡುವ ಕಾರಿನಿಂದ ಮಾಹಿತಿ ಪಿಟ್‌ಗೆ ಹರಿಯತೊಡಗಿತು. ಪಿಟ್‌ನಿಂದಲೇ ಕಾರಿನ ಹೊಂದಾಣಿಕೆ ಬದಲಿಸುವುದನ್ನು 2003ರಿಂದ ನಿಷೇಧಿಸಿದರು. 2008ರಿಂದ ಎಲ್ಲ ಕಾರುಗಳಿಗೂ ಮೆಕ್ಲಾರೆನ್‌ನ ಎಲೆಕ್ಟ್ರಾನಿಕ್ಸ್ ಕಂಪನಿ ತಯಾರಿಸಿದ ಒಂದೇ ಬಗೆಯ ನಿಯಂತ್ರಣ ಘಟಕ. ಇಂದು ಒಂದು ಕಾರಿನಲ್ಲಿ ಸುಮಾರು 300 ಸೆನ್ಸರುಗಳಿವೆ. ಆದರೆ ಈ ಸಂಪತ್ತೆಲ್ಲ ತಂಡದ ಸ್ವಂತ ಕಾರಿನದು, ಎದುರಾಳಿಯದಲ್ಲ.

ಎದುರಾಳಿಯ ಕಾರನ್ನು ಅಳೆಯಲು ತಂಡಗಳು ಕಿವಿಯನ್ನು ನೆಚ್ಚಿದ್ದುಂಟು. ಎಂಟು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 18,000 ಸುತ್ತು ತಿರುಗುವಾಗ ಸೆಕೆಂಡಿಗೆ 1,200 ಬಾರಿ ಸಿಡಿಯುತ್ತದೆ, ಆ ಶ್ರುತಿಯನ್ನು ಧ್ವನಿಮುದ್ರಿಸಿಕೊಂಡರೆ ಎಂಜಿನ್ನಿನ ವೇಗ, ಗೇರು ಬದಲಿಸಿದ ಕ್ಷಣ ಎಲ್ಲವನ್ನೂ ಲೆಕ್ಕ ಹಾಕಬಹುದು. ಆಮೇಲೆ ಜಿಪಿಎಸ್ ಬಂತು. ಎಲ್ಲ ಕಾರುಗಳ ಸ್ಥಾನ ಮತ್ತು ವೇಗದ ಮಾಹಿತಿ ಎಲ್ಲ ತಂಡಗಳಿಗೂ ಸಿಗುತ್ತದೆ. ವೇಗ ಯಾವ ದರದಲ್ಲಿ ಏರುತ್ತದೆ, ಎಲ್ಲಿ ಏರುವುದು ನಿಲ್ಲುತ್ತದೆ ಎಂಬುದರಿಂದ ಎಂಜಿನ್ನಿನ ಶಕ್ತಿಯನ್ನೂ ಗಾಳಿಯ ಎಳೆತವನ್ನೂ ಬೇರೆ ಮಾಡಲು ಬರುತ್ತದೆ. ತಿರುವಿನ ನಡುವಿನ ವೇಗ ಡೌನ್‌ಫೋರ್ಸ್, ಅಂದರೆ ಗಾಳಿ ಕಾರನ್ನು ನೆಲಕ್ಕೆ ಒತ್ತುವ ಬಲ, ಎಷ್ಟೆಂದು ಹೇಳುತ್ತದೆ.

2019ರಲ್ಲಿ ಈ ವಿದ್ಯೆ ಕ್ರೀಡೆಯ ರಾಜಕೀಯವನ್ನೇ ಕಲಕಿತು. ಬೇಸಿಗೆಯ ಬಿಡುವಿನ ನಂತರ ಸ್ಪಾದಿಂದ ಮೆಕ್ಸಿಕೊವರೆಗೆ ಸತತ ಆರು ರೇಸುಗಳಲ್ಲಿ ಫೆರಾರಿಯೇ ಸಾಲಿನ ಮೊದಲಲ್ಲಿ ನಿಂತಿತು. ನೇರ ಹಾದಿಯಲ್ಲಿ ಅದರ ವೇಗ ಏರುವ ರೀತಿ ಎದುರಾಳಿಗಳ ಜಿಪಿಎಸ್ ನಕ್ಷೆಗಳಲ್ಲಿ ಎದ್ದು ಕಾಣುತ್ತಿತ್ತು. ಇಂಧನ ಹರಿವನ್ನು ಅಳೆಯುವ ಸೆನ್ಸರಿನ ಬಗ್ಗೆ ರೆಡ್ ಬುಲ್ ಪ್ರಶ್ನೆ ಎತ್ತಿತು, ನಿಯಂತ್ರಣ ಸಂಸ್ಥೆಯಾದ ಎಫ್‌ಐಎ ಸ್ಪಷ್ಟನೆ ಹೊರಡಿಸಿತು. 2020ರ ಫೆಬ್ರುವರಿಯಲ್ಲಿ ಎಫ್‌ಐಎ ಮತ್ತು ಫೆರಾರಿ ಗೋಪ್ಯ ಒಪ್ಪಂದ ಮಾಡಿಕೊಂಡವು. ಫೆರಾರಿ ಎಂಜಿನ್ ಬಳಸದ ಏಳು ತಂಡಗಳು ಬಹಿರಂಗವಾಗಿ ಪ್ರತಿಭಟಿಸಿದವು. ನಿಯಮ ಮುರಿದಿದ್ದಾರೆಂದು ಸಾಬೀತಾಗಲಿಲ್ಲ, ಆ ವರ್ಷ ಫೆರಾರಿ ಒಂದೂ ರೇಸ್ ಗೆಲ್ಲದೆ ಆರನೇ ಸ್ಥಾನಕ್ಕೆ ಇಳಿಯಿತು. ಹೊರಗಿನಿಂದ ಅಳೆದ ದತ್ತಾಂಶ ಎಲ್ಲಿ ಏನೋ ಬೇರೆಯಾಗಿದೆ ಎಂದು ತೋರಿಸಬಲ್ಲದು, ಏಕೆ ಎಂದು ಹೇಳಲಾರದು. ಇಂಥ ಒಪ್ಪಂದದ ವಿವರ ಪ್ರೇಕ್ಷಕರಿಗೆ ಸಿಗಬೇಕಿತ್ತು ಎಂದೇ ನನ್ನ ಅಭಿಪ್ರಾಯ.

ರೇಸಿನ ದಿನದ ಹೋಲಿಕೆ ಇನ್ನೂ ಜಟಿಲ. 110 ಕಿಲೋ ಇಂಧನದೊಂದಿಗೆ ಹೊರಟ ಕಾರು ಖಾಲಿಯಾಗುವಷ್ಟರಲ್ಲಿ, ಮೇಲಿನ ಅಂದಾಜಿನಂತೆ, ಸುತ್ತಿಗೆ ಮೂರು ಸೆಕೆಂಡಿಗೂ ಹೆಚ್ಚು ವೇಗ ಪಡೆದಿರುತ್ತದೆ. ಅದೇ ಹೊತ್ತಿಗೆ ಟೈರು ಸವೆದು ಆ ಲಾಭವನ್ನು ನುಂಗುತ್ತಿರುತ್ತದೆ. ಇನ್ನೊಂದು ಕಾರಿನ ಹಿಂದೆ ಓಡಿದ ಸುತ್ತುಗಳನ್ನು ಲೆಕ್ಕದಿಂದ ತೆಗೆಯಲೇಬೇಕು. 2021ರ ಕಾರುಗಳು ಎದುರಿನ ಕಾರಿಗೆ ಹತ್ತು ಮೀಟರ್ ಹತ್ತಿರವಾದರೆ ಡೌನ್‌ಫೋರ್ಸಿನ ಶೇ 46ರಷ್ಟನ್ನು ಕಳೆದುಕೊಳ್ಳುತ್ತಿದ್ದವು ಎಂದು ಫಾರ್ಮುಲಾ ಒನ್ ಸಂಸ್ಥೆಯೇ ಹೇಳಿತ್ತು. ಹೀಗೆ ತೆಗೆಯುತ್ತಾ ಹೋದರೆ ಎಷ್ಟೋ ರೇಸುಗಳಲ್ಲಿ ಹೋಲಿಕೆಗೆ ಯೋಗ್ಯವಾದ ಸುತ್ತುಗಳು ಕೆಲವೇ ಉಳಿಯುತ್ತವೆ.

ವಿಶ್ವವಿದ್ಯಾಲಯಗಳು ಇತ್ತ ಕಣ್ಣು ಹಾಕಿದ್ದು ತಡವಾಗಿ. 2009ರಲ್ಲಿ ಐಷನ್‌ಬರ್ಗರ್ ಮತ್ತು ಸ್ಟಾಡೆಲ್‌ಮನ್ ಎಂಬ ಅರ್ಥಶಾಸ್ತ್ರಜ್ಞರು ಚಾಲಕನ ಪ್ರತಿಭೆಯನ್ನು ಕಾರಿನಿಂದ ಬೇರ್ಪಡಿಸಲು ಯತ್ನಿಸಿದರು. 2016ರಲ್ಲಿ ಆಂಡ್ರ್ಯೂ ಬೆಲ್ ಮತ್ತು ಸಂಗಡಿಗರು 1950ರಿಂದ 2014ರವರೆಗಿನ ಫಲಿತಾಂಶಗಳನ್ನೆಲ್ಲ ವಿಶ್ಲೇಷಿಸಿ ಫ್ಯಾಂಜಿಯೊ ಅವರನ್ನು ಸಾರ್ವಕಾಲಿಕ ಶ್ರೇಷ್ಠ ಚಾಲಕರೆಂದರು. ಚಾಲಕನಿಗಿಂತ ತಂಡದ ಪ್ರಭಾವ ದೊಡ್ಡದು, ಕಾಲ ಕಳೆದಂತೆ ಅದು ಹೆಚ್ಚುತ್ತಿದೆ, ಮಳೆಯಲ್ಲಿ ಮತ್ತು ನಗರದ ಬೀದಿಗಳ ಟ್ರ್ಯಾಕುಗಳಲ್ಲಿ ಮಾತ್ರ ಕಡಿಮೆಯಾಗಬಹುದು ಎಂಬುದು ಅವರ ಇನ್ನೊಂದು ನಿರ್ಣಯ. ಮೊನಾಕೊದಲ್ಲಿ ಸೆನ್ನಾ ಮಾಡಿದ್ದಕ್ಕೆ ಇದು ಅಂಕಿಗಳ ಬೆಂಬಲ. 2023ರಲ್ಲಿ ಡಚ್ ಸಂಶೋಧಕರಾದ ವಾನ್ ಕೆಸ್ಟೆರೆನ್ ಮತ್ತು ಬರ್ಗ್‌ಕಾಂಪ್ 2014ರಿಂದ 2021ರವರೆಗಿನ ಹೈಬ್ರಿಡ್ ಯುಗವನ್ನು ಪರಿಶೀಲಿಸಿ, ಫಲಿತಾಂಶಗಳಲ್ಲಿ ಕಾಣುವ ವ್ಯತ್ಯಾಸದ ಸುಮಾರು ಶೇ 88 ಭಾಗ ಕಾರು ತಯಾರಿಸುವ ತಂಡದಿಂದ ಬರುತ್ತದೆ ಎಂದರು.

ಈ 88ನ್ನು ಜನ ತಪ್ಪಾಗಿ ಓದುತ್ತಾರೆ. ಚಾಲಕನ ಪಾಲು ಬರೀ 12 ಎಂದು ಇದರ ಅರ್ಥವಲ್ಲ. ರೇಸಿನ ಸಾಲಿನಲ್ಲಿ ನಿಲ್ಲುವವರೆಲ್ಲ ಜಗತ್ತಿನ ಆಯ್ದ ಚಾಲಕರು, ಅವರವರ ನಡುವಿನ ಅಂತರ ಕಿರಿದು. ಕಾರುಗಳ ನಡುವಿನ ಅಂತರ ಹಿರಿದು. ಶೇಕಡ ಲೆಕ್ಕ ಹೇಳುವುದು ಈ ಅಂತರಗಳ ಅನುಪಾತವನ್ನಷ್ಟೇ. ಇಂಥದ್ದೇ ತೊಡಕು 2020ರಲ್ಲಿ ಫಾರ್ಮುಲಾ ಒನ್ ಮತ್ತು ಅಮೆಜಾನ್ ಸೇರಿ ಪ್ರಕಟಿಸಿದ ವೇಗದ ಚಾಲಕರ ಪಟ್ಟಿಯಲ್ಲೂ ಇತ್ತು. ಒಂದೇ ತಂಡದ ಇಬ್ಬರ ಅರ್ಹತಾ ಸಮಯಗಳನ್ನು ಹೋಲಿಸುತ್ತಾ, 1983ರಿಂದ ಈಚಿನವರೆಲ್ಲರನ್ನೂ ಸರಪಳಿಯಂತೆ ಜೋಡಿಸಿದ್ದರು. ಸೆನ್ನಾ, ಶುಮಾಕರ್, ಹ್ಯಾಮಿಲ್ಟನ್ ಮೊದಲ ಮೂವರು. ಆದರೆ ಎಂಟನೆಯವರಾಗಿ ಹೈಕಿ ಕೊವಾಲೈನೆನ್ ಬಂದದ್ದು ನೋಡಿ ಅನೇಕರು ಹುಬ್ಬೇರಿಸಿದರು. ಅವರು ಹ್ಯಾಮಿಲ್ಟನ್ ಜೊತೆಗಾರರಾಗಿದ್ದದ್ದು 2008 ಮತ್ತು 2009ರಲ್ಲಿ, ಅಂದರೆ ಇಂಧನ ಹೊತ್ತು ಅರ್ಹತಾ ಸುತ್ತು ಹಾಕುತ್ತಿದ್ದ ವರ್ಷಗಳಲ್ಲಿ. ಸರಪಳಿಯ ಒಂದು ಕೊಂಡಿ ಸಡಿಲವಾದರೆ ಅದರಾಚೆಯ ಹೆಸರುಗಳೆಲ್ಲ ಜಾಗ ಬದಲಿಸುತ್ತವೆ.

ಈಗ ಈ ಲೆಕ್ಕ ಸಾಮಾನ್ಯ ಅಭಿಮಾನಿಯ ಕೈಗೂ ಬಂದಿದೆ, ಅದು ನನಗೆ ಸಂತೋಷದ ಸಂಗತಿ. ಎರ್ಗಾಸ್ಟ್ ಎಂಬ ಮುಕ್ತ ಸಂಗ್ರಹ 1950ರಿಂದಿನ ಫಲಿತಾಂಶಗಳನ್ನೂ 1996ರಿಂದಿನ ಪ್ರತಿ ಸುತ್ತಿನ ಸಮಯವನ್ನೂ ವರ್ಷಗಟ್ಟಲೆ ಉಚಿತವಾಗಿ ಕೊಟ್ಟಿತು. ಫಾಸ್ಟ್‌ಎಫ್‌1 ಎಂಬ ಪೈಥಾನ್ ತಂತ್ರಾಂಶದಿಂದ ಲ್ಯಾಪ್‌ಟಾಪ್ ಇರುವ ಯಾರಾದರೂ ಇಬ್ಬರು ಚಾಲಕರ ವೇಗದ ನಕ್ಷೆಗಳನ್ನು ಒಂದರ ಮೇಲೊಂದು ಇಟ್ಟು ನೋಡಬಹುದು. ಆದರೆ ಸಾರ್ವಜನಿಕರಿಗೆ ಸಿಗುವ ಆ ಮಾಹಿತಿ ಬರುವುದು ಸೆಕೆಂಡಿಗೆ ಸುಮಾರು ನಾಲ್ಕು ಬಾರಿ. ಗಂಟೆಗೆ 300 ಕಿ.ಮೀ. ವೇಗದಲ್ಲಿ ಎರಡು ಬಿಂದುಗಳ ನಡುವೆ ಇಪ್ಪತ್ತು ಮೀಟರ್ ಕಳೆದಿರುತ್ತದೆ. ಬ್ರೇಕ್ ಒತ್ತಿದ್ದಾರೋ ಇಲ್ಲವೋ ಎಂದಷ್ಟೇ ಅದರಲ್ಲಿ ಕಾಣುತ್ತದೆ, ಎಷ್ಟು ಒತ್ತಿದರೆಂದಲ್ಲ. ಒಬ್ಬರು ಇನ್ನೊಬ್ಬರಿಗಿಂತ ಐದು ಮೀಟರ್ ತಡವಾಗಿ ಬ್ರೇಕ್ ಹಾಕಿದರು ಎಂದು ಇದರ ಬಲದಿಂದ ಬರೆಯುವುದು ಸಲ್ಲದು.

2026ರ ನಿಯಮಗಳು ಹೋಲಿಕೆಯನ್ನು ಇನ್ನಷ್ಟು ಕಠಿಣ ಮಾಡಿವೆ. ಕಾರಿನ ಶಕ್ತಿಯಲ್ಲಿ ಹೆಚ್ಚುಕಡಿಮೆ ಅರ್ಧ ವಿದ್ಯುತ್ತಿನಿಂದ ಬರುತ್ತದೆ. ವಿದ್ಯುತ್ ಮೋಟಾರಿನ ಗರಿಷ್ಠ ಶಕ್ತಿ 120 ಕಿಲೋವ್ಯಾಟ್‌ನಿಂದ 350ಕ್ಕೆ ಏರಿದೆ, ರೆಕ್ಕೆಗಳು ನೇರ ಹಾದಿಯಲ್ಲಿ ಒಂದು ಕೋನಕ್ಕೆ, ತಿರುವಿನಲ್ಲಿ ಇನ್ನೊಂದಕ್ಕೆ ಹೊರಳುತ್ತವೆ. ಜಿಪಿಎಸ್ ನಕ್ಷೆಯಲ್ಲಿ ಒಂದು ಕಾರು ಹಿಂದೆ ಬಿದ್ದಂತೆ ಕಂಡರೆ ಎಂಜಿನ್ ಸೋತಿತೋ, ಬ್ಯಾಟರಿಯನ್ನು ಮುಂದಿನ ತಿರುವಿಗೆ ಉಳಿಸಿಕೊಂಡರೋ ಎಂದು ಹೊರಗಿನಿಂದ ತಿಳಿಯುವುದು ಕಷ್ಟ. ಇದೇ ನಿಯಮಗಳಲ್ಲಿ ಇನ್ನೊಂದು ಹೊಸತಿದೆ: ಪ್ರತಿ ತಯಾರಕರ ಪೆಟ್ರೋಲ್ ಎಂಜಿನ್ನಿನ ಸಾಮರ್ಥ್ಯವನ್ನು ಎಫ್‌ಐಎ ತಾನೇ ಅಳೆದು, ಅತ್ಯುತ್ತಮ ಎಂಜಿನ್ನಿಗಿಂತ ಶೇ 2ಕ್ಕಿಂತ ಹೆಚ್ಚು ಹಿಂದುಳಿದವರಿಗೆ ಋತುವಿನ ನಡುವೆಯೇ ಸುಧಾರಣೆಗೆ ಹೆಚ್ಚುವರಿ ಅವಕಾಶ ಕೊಡುತ್ತದೆ. ಹೋಲಿಕೆಯ ಲೆಕ್ಕ ಹೀಗೆ ವಿಶ್ಲೇಷಕರ ಪಟ್ಟಿಯಿಂದ ನಿಯಮದ ಪುಸ್ತಕಕ್ಕೆ ಬಂದಿದೆ. ಶೇ 1.9 ಹಿಂದಿರುವ ತಯಾರಕರಿಗೂ 2.1 ಹಿಂದಿರುವವರಿಗೂ ನಡುವೆ ಗೆರೆ ಎಳೆಯುವ ಆ ಅಳತೆಯನ್ನು ಹೇಗೆ ಮಾಡಿದರೆಂದು ಪ್ರತಿ ಬಾರಿಯೂ ಬಿಡಿಸಿ ಪ್ರಕಟಿಸುವುದು ಎಫ್‌ಐಎ ಮೇಲಿನ ಹೊಣೆ.