ಭಾರತ ಮತ್ತು ಆಸ್ಟ್ರೇಲಿಯಾ: ನೆಲದ ಅಳತೆ, ನೆಲದ ಬಳಕೆ

ನಾನು ಈ ಶಾಲೆಯಲ್ಲಿ ಒಂಬತ್ತನೇ ತರಗತಿ ಓದುತ್ತಿದ್ದಾಗ ಇಡೀ ಶಾಲೆಗೆ ಇದ್ದದ್ದು ಒಂದೇ ಒಂದು ಪ್ರಪಂಚ ಭೂಪಟ. ಸಮಾಜ ಪಾಠದ ಮೇಷ್ಟ್ರು ಒಂದು ದಿನ ಕೋಲನ್ನು ಮೊದಲು ಭಾರತದ ಮೇಲೆ, ಆಮೇಲೆ ಆಸ್ಟ್ರೇಲಿಯಾದ ಮೇಲೆ ಇಟ್ಟು, "ಇವೆರಡರಲ್ಲಿ ಉಳುವ ನೆಲ ಯಾವ ದೇಶದಲ್ಲಿ ಹೆಚ್ಚು?" ಎಂದು ಕೇಳಿದರು. ನಾನು ಎದ್ದು ನಿಂತು "ಆಸ್ಟ್ರೇಲಿಯಾ ಸಾರ್" ಎಂದೆ. ಮೇಷ್ಟ್ರು ನಕ್ಕು, "ಹತ್ತೆಕರೆ ಕಲ್ಲುಗುಡ್ಡ ಬೇಕೋ, ಒಂದೆಕರೆ ಕೆರೆ ಹಿಂದಿನ ಗದ್ದೆ ಬೇಕೋ, ನಿಮ್ಮಪ್ಪನನ್ನು ಕೇಳಿಕೊಂಡು ಬಾ" ಎಂದರು.

ಅಪ್ಪನನ್ನು ಕೇಳಿದೆ. "ಗದ್ದೆ ಬೇಕು. ಗುಡ್ಡದಾಗೆ ಕುರಿ ಮೇಯ್ತವಲ್ಲ, ಅದೂ ಬೇಕು ಅಂತ ಹೇಳು" ಎಂದರು. ಮುಂದೆ ನಾನೂ ಇತಿಹಾಸದ ಮೇಷ್ಟ್ರಾಗಿ ಮೂವತ್ತು ವರ್ಷಕ್ಕೂ ಮೇಲೆ ಪಾಠ ಮಾಡಿ ನಿವೃತ್ತನಾದೆ. ಆ ಮಾತಿನ ತೂಕ ನನಗೆ ತಿಳಿದದ್ದು ನಿಧಾನವಾಗಿ.

ಮೊದಲು ಅಂಕಿಗಳನ್ನು ನೋಡೋಣ. ಭಾರತದ ವಿಸ್ತೀರ್ಣ ಸುಮಾರು 32.87 ಲಕ್ಷ ಚದರ ಕಿಲೋಮೀಟರ್. ಆಸ್ಟ್ರೇಲಿಯಾದ್ದು ಸುಮಾರು 77 ಲಕ್ಷ, ಅಂದರೆ ನಮ್ಮ ಎರಡು ಪಟ್ಟಿಗೂ ಹೆಚ್ಚು. ಆದರೆ ನಮ್ಮಲ್ಲಿ ವರ್ಷವೂ ಬಿತ್ತನೆಯಾಗುವ ನೆಲ ಸುಮಾರು 14 ಕೋಟಿ ಹೆಕ್ಟೇರ್; ಅಲ್ಲಿ ಬೆಳೆ ಇಡುವ ನೆಲ ಸುಮಾರು 3 ಕೋಟಿ ಹೆಕ್ಟೇರ್ ಮಾತ್ರ. ನಮ್ಮ ನೆಲದ ಹೆಚ್ಚು ಕಡಿಮೆ ಅರ್ಧ ಭಾಗ ನೇಗಿಲು ಕಂಡಿದ್ದರೆ, ಅವರ ನೆಲದಲ್ಲಿ ನೂರಕ್ಕೆ ನಾಲ್ಕು ಭಾಗ ಕಂಡಿದೆ. ಅಲ್ಲಿ ಅರ್ಧದಷ್ಟು ನೆಲ ದನ, ಕುರಿಗಳ ಮೇವಿಗೆ ಮೀಸಲು. ಜನಸಂಖ್ಯೆಯ ಲೆಕ್ಕ ಹಿಡಿದರೆ ಚಿತ್ರ ತಿರುಗಿಬಿಡುತ್ತದೆ. ನಮ್ಮಲ್ಲಿ ತಲೆಗೆ ಸುಮಾರು ಹತ್ತು ಗುಂಟೆ ಬಿತ್ತನೆಯ ನೆಲವಿದ್ದರೆ, ಅಲ್ಲಿ ತಲೆಗೆ ಎರಡೂವರೆ ಎಕರೆಗೂ ಹೆಚ್ಚು.

ಇಷ್ಟು ದೊಡ್ಡ ದೇಶದಲ್ಲಿ ಉಳುಮೆ ಯಾಕೆ ಇಷ್ಟು ಕಡಿಮೆ? ಕಾರಣ ಮಳೆ. ನಮಗೆ ಮುಂಗಾರು ಇದೆ, ಹಿಮಾಲಯದ ನದಿಗಳಿವೆ, ಗಂಗಾ ಬಯಲಿನ ಮೆಕ್ಕಲು ಮಣ್ಣಿದೆ. ಆಸ್ಟ್ರೇಲಿಯಾದಲ್ಲಿ ಮಳೆ ಅಂಚಿನಲ್ಲಷ್ಟೇ ಚೆನ್ನಾಗಿ ಸುರಿಯುತ್ತದೆ, ಒಳನಾಡು ಒಣನಾಡು. ಇದನ್ನು ಅಲ್ಲಿಗೆ ಹೋಗಿ ನೆಲೆಸಿದ ಬ್ರಿಟಿಷರು ಕಲಿತ ಕಥೆಯೊಂದಿದೆ.

1865ರಲ್ಲಿ ದಕ್ಷಿಣ ಆಸ್ಟ್ರೇಲಿಯಾದಲ್ಲಿ ಭೀಕರ ಬರ ಬಿದ್ದಿತ್ತು. ಬರ ಎಲ್ಲಿಯವರೆಗೆ ತಟ್ಟಿದೆ ಎಂದು ಗುರುತಿಸಲು ಅಲ್ಲಿನ ಸರ್ವೇಯರ್ ಜನರಲ್ ಜಾರ್ಜ್ ಗಾಯ್ಡರ್ ಕುದುರೆ ಏರಿ ಹೊರಟ. ಗಿಡಗಂಟಿಗಳನ್ನು ನೋಡುತ್ತಾ ಹೋದ. ಎಲ್ಲಿಂದ ಸಾಲ್ಟ್‌ಬುಷ್ ಎಂಬ ಬೂದುಬಣ್ಣದ ಕುರುಚಲು ಗಿಡ ಶುರುವಾಯಿತೋ ಅಲ್ಲಿಂದಾಚೆಗೆ ಮಳೆಯನ್ನು ನಂಬುವಂತಿಲ್ಲ ಎಂದು ಭೂಪಟದ ಮೇಲೊಂದು ಗೆರೆ ಎಳೆದ. ಗೆರೆಯ ದಕ್ಷಿಣಕ್ಕೆ ಬೇಸಾಯ ಆದೀತು, ಉತ್ತರಕ್ಕೆ ಮೇವು ಮಾತ್ರ. ವರ್ಷಕ್ಕೆ 250ರಿಂದ 300 ಮಿಲಿಮೀಟರ್ ಮಳೆ ಬೀಳುವ ಜಾಗದಲ್ಲೇ ಆ ಗೆರೆ ಹಾಯುತ್ತದೆ. ಇಂದಿಗೂ ಅದನ್ನು ಗಾಯ್ಡರ್ ಗೆರೆ ಎಂದೇ ಕರೆಯುತ್ತಾರೆ.

1872ರ ಕಾಯ್ದೆ, ಗೆರೆಯ ದಕ್ಷಿಣದ ಭೂಮಿಯನ್ನು ಮಾತ್ರ ರೈತರಿಗೆ ಸಾಲದ ಮೇಲೆ ಮಾರಬಹುದು ಎಂದಿತು. ಅಷ್ಟರಲ್ಲಿ ಮಳೆ ಚೆನ್ನಾಗಿ ಹಿಡಿಯಿತು. ಗಾಯ್ಡರನನ್ನು ಜನ ಗೇಲಿ ಮಾಡಿದರು. ನೇಗಿಲು ಹೋದಲ್ಲಿಗೆ ಮಳೆ ತಾನಾಗಿ ಬರುತ್ತದೆ ಎಂಬ ನಂಬಿಕೆ ಹಬ್ಬಿತು. 1874ರಲ್ಲಿ ಸರ್ಕಾರ ಆ ನಿರ್ಬಂಧ ತೆಗೆಯಿತು. ರೈತರು ಉತ್ತರಕ್ಕೆ ನುಗ್ಗಿದರು, ಕಲ್ಲಿನ ಮನೆ ಕಟ್ಟಿದರು, ಗೋಧಿ ಬಿತ್ತಿದರು. ಒಂದು ಊರಿಗೆ ಫರಿನಾ ಎಂದೇ ಹೆಸರಿಟ್ಟರು. ಲ್ಯಾಟಿನ್ ಭಾಷೆಯಲ್ಲಿ ಹಾಗೆಂದರೆ ಹಿಟ್ಟು. 1880ರ ದಶಕದ ಆರಂಭದಲ್ಲಿ ಬರ ಮರಳಿ ಬಂತು. ಗೆರೆ ದಾಟಿದ ಎಷ್ಟೋ ಸಂಸಾರಗಳು ಎಲ್ಲ ಬಿಟ್ಟು ಹಿಂದಿರುಗಿದವು. ಫರಿನಾ ಇವತ್ತು ಪಾಳು ಗೋಡೆಗಳ ಊರು.

ಆ 1872ರ ಕಾಯ್ದೆಯ ಹೆಸರನ್ನು ಕನ್ನಡಕ್ಕೆ ತಂದರೆ 'ಪಾಳು ಜಮೀನು ಪರಭಾರೆ ಕಾಯ್ದೆ' ಎಂದಾಗುತ್ತದೆ. ಯಾರಿಗೆ ಪಾಳು? ಅಲ್ಲಿನ ಮೂಲನಿವಾಸಿಗಳು ಹತ್ತಾರು ಸಾವಿರ ವರ್ಷಗಳಿಂದ ಆ ನೆಲದಲ್ಲಿ ಬಾಳಿದ್ದರು. ಹದ ನೋಡಿ ಹುಲ್ಲಿಗೆ ಬೆಂಕಿ ಇಟ್ಟು ಹೊಸ ಚಿಗುರು ಬರಿಸಿ, ಅದನ್ನು ಮೇಯಲು ಬಂದ ಕಾಂಗರೂಗಳನ್ನು ಬೇಟೆಯಾಡುತ್ತಿದ್ದರು. ನೇಗಿಲಿನ ಗುರುತು ಕಾಣದ್ದರಿಂದ ಹೊಸಬರು ಅದನ್ನು ಯಾರಿಗೂ ಸೇರದ ನೆಲವೆಂದು ಎಣಿಸಿದರು. ಅದು ತಪ್ಪೆಂದು ಆ ದೇಶದ ಅತ್ಯುನ್ನತ ನ್ಯಾಯಾಲಯ ಮಾಬೋ ಪ್ರಕರಣದಲ್ಲಿ ಹೇಳಿದ್ದು 1992ರಲ್ಲಿ.

ಇದು ದೂರದ ದೇಶದ ಕಥೆ ಎಂದು ನಾನು ಹೇಳಲಾರೆ. ಸ್ವಾತಂತ್ರ್ಯ ಬಂದ ಹೊಸದರಲ್ಲಿ, 1950–51ರಲ್ಲಿ, ಭಾರತದ ಬಿತ್ತನೆ ನೆಲ ಸುಮಾರು 11.9 ಕೋಟಿ ಹೆಕ್ಟೇರ್. ಇಪ್ಪತ್ತು ವರ್ಷದಲ್ಲಿ ಅದು 14 ಕೋಟಿ ಮುಟ್ಟಿತು. ಹೊಟ್ಟೆಗಿಲ್ಲದ ಕಾಲ, ಪಾಳು, ಬಂಜರು ಎಂದದ್ದಕ್ಕೆಲ್ಲ ನೇಗಿಲು ಬಿತ್ತು. ಅಲ್ಲಿಂದ ಈಚೆಗೆ, ಅಂದರೆ ನಮ್ಮ ಶಾಲೆಯ ಈ ಐವತ್ತು ವರ್ಷವೂ, ಲೆಕ್ಕ ಅಲ್ಲೇ ನಿಂತಿದೆ. ಜನ ಮಾತ್ರ 55 ಕೋಟಿಯಿಂದ 140 ಕೋಟಿ ದಾಟಿದ್ದಾರೆ. ನಮ್ಮನ್ನು ಉಳಿಸಿದ್ದು ಹೊಸ ನೆಲವಲ್ಲ. ನೀರಾವರಿ, ಗೊಬ್ಬರ, ಹೊಸ ತಳಿಗಳು ಮತ್ತು ವರ್ಷಕ್ಕೆ ಎರಡು ಬೆಳೆ.

ನಮ್ಮೂರ ಗುಡ್ಡದ ಗೋಮಾಳವನ್ನೂ ಎರಡು ವರ್ಷ ಹದವಾಗಿ ಮಳೆ ಬಂದಾಗ ಹಲವರು ಉತ್ತರು. 'ಅದೂ ಬೇಕು' ಎಂದಿದ್ದ ನಮ್ಮಪ್ಪನೂ ಅವರಲ್ಲೊಬ್ಬರು. ಮೊದಲ ವರ್ಷ ಹುರುಳಿ, ಎರಡನೇ ವರ್ಷ ರಾಗಿ ಬಂತು. ಮೂರನೇ ವರ್ಷ ಮಳೆ ಕೈಕೊಟ್ಟಿತು. ರಾಗಿಯೂ ಇಲ್ಲ, ಹುಲ್ಲೂ ಇಲ್ಲ. ಇದ್ದ ಕುರಿಗಳನ್ನು ಸಿಕ್ಕಿದ ಬೆಲೆಗೆ ಮಾರಿ ಅಕ್ಕಿ ತಂದೆವು. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಶುಲ್ಕ ಕಟ್ಟುವ ಹೊತ್ತಿಗೆ ಮಾರಲು ಒಂದು ಕುರಿಯೂ ಉಳಿದಿರಲಿಲ್ಲ. ಆ ದುಡ್ಡು ಕಟ್ಟಿದವರು ಕೋಲು ಹಿಡಿದು ಪ್ರಶ್ನೆ ಕೇಳಿದ ಅದೇ ಮೇಷ್ಟ್ರು. ನನ್ನ ತಪ್ಪು ಉತ್ತರವನ್ನು ಅವರು ಒಮ್ಮೆಯೂ ನೆನಪಿಸಲಿಲ್ಲ.

ಮಹೋತ್ಸವದ ಸಿದ್ಧತೆಗಾಗಿ ಶಾಲೆಯ ಜಾಗದ ಹಳೆಯ ದಾಖಲೆ ತೆಗೆಸಿದೆವು. ಈಗ ಕೊಠಡಿಗಳು, ಆಟದ ಮೈದಾನ, ಬೇವಿನ ಮರಗಳು ಇರುವ ಅಷ್ಟೂ ಜಾಗದ ಮುಂದೆ 'ಖರಾಬು' ಎಂದು ಬರೆದಿದೆ. ದನ ತಂಗುತ್ತಿದ್ದ ಆ ಜಾಗವನ್ನು ಹಿರಿಯರು ಮಕ್ಕಳಿಗೆ ಬಿಟ್ಟುಕೊಟ್ಟರು. ಐವತ್ತು ವರ್ಷದಲ್ಲಿ ಅದು ಕೊಟ್ಟ ಫಸಲು ಯಾವ ಪಹಣಿಯಲ್ಲೂ ದಾಖಲಾಗಿಲ್ಲ.

ಶಾಲೆಯ ಹಿಂದಿನ ಗುಡ್ಡದಲ್ಲಿ ಈಗ ಮತ್ತೆ ಹುಲ್ಲು ಬಂದಿದೆ, ಕುರಿಗಳೂ ಬಂದಿವೆ. ಅದು ಸುಮ್ಮನೆ ಬಿದ್ದಿರುವ ಜಾಗವೆಂದು ಯಾರಾದರೂ ಹೇಳಿದರೆ, ದಯವಿಟ್ಟು ಒಂದು ಸಲ ಕುರಿ ಕಾಯುವವರನ್ನು ಕೇಳಿಕೊಂಡು ಬನ್ನಿ.