ಹೊಟ್ಟೆ ಕಿರಿದಾದ ಮೇಲಿನ ತಿಂಗಳುಗಳು

1876ರಿಂದ 1878ರವರೆಗೆ ಮೈಸೂರು ಸಂಸ್ಥಾನವನ್ನು ಕಾಡಿದ ಮಹಾಕ್ಷಾಮ ಎಷ್ಟು ಘೋರವಾಗಿತ್ತೆಂಬುದನ್ನು ಜನಗಣತಿಯ ಎರಡು ಅಂಕಿಗಳೇ ಹೇಳುತ್ತವೆ. 1871ರಲ್ಲಿ 50,55,412 ಇದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿದಿತ್ತು. ಹಾಸನ ಸೀಮೆಯೂ ಆ ಸಂಸ್ಥಾನದ ಭಾಗವೇ. ಮಳೆ ಕೈಕೊಟ್ಟರೆ ಕಣಜ ಬರಿದಾಗುವ ಇಂಥ ನಾಡಿನಲ್ಲಿ ಮೈಕೈ ತುಂಬಿಕೊಂಡಿರುವುದು ಅನುಕೂಲಸ್ಥರ ಗುರುತಾಯಿತು. ಬಂದವರಿಗೆ ಬೇಡವೆಂದರೂ ಇನ್ನೊಂದು ಮುದ್ದೆ ಇಕ್ಕುವುದು ಪ್ರೀತಿಯ ರೀತಿಯಾಯಿತು. ಸೊರಗಿದ ಮೈ ಕಂಡರೆ ಮರುಕ ಹುಟ್ಟುವುದು ಸಹಜವೇ ಆಗಿತ್ತು.

ಒಂದೂವರೆ ಶತಮಾನದಲ್ಲಿ ಚಿತ್ರ ತಿರುವುಮುರುವಾಗಿದೆ. ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ನಾಲೆಯ ನೀರು ಹರಿದಲ್ಲೆಲ್ಲ ಬತ್ತ ಬಂತು, ಹಬ್ಬದ ಊಟವಾಗಿದ್ದ ಅನ್ನ ದಿನದ ಊಟವಾಯಿತು. ಎಣ್ಣೆ, ಸಕ್ಕರೆ, ಬೇಕರಿ ತಿಂಡಿಗಳು ಹಳ್ಳಿಯ ಅಂಗಡಿಗೂ ಬಂದವು. ನೇಗಿಲಿನ ಜಾಗಕ್ಕೆ ಟ್ರ್ಯಾಕ್ಟರ್, ನಡಿಗೆಯ ಜಾಗಕ್ಕೆ ಮೋಟಾರ್ ಬೈಕು ಬಂದವು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ತೂಕ ಮಿತಿಮೀರಿದವರು 2015-16ರಲ್ಲಿ ಐವರಲ್ಲಿ ಒಬ್ಬರಿಗಿಂತ ತುಸು ಹೆಚ್ಚಿದ್ದರೆ, 2019-21ರ ಹೊತ್ತಿಗೆ ಹತ್ತರಲ್ಲಿ ಮೂವರಾಗಿದ್ದರು. ಹಸಿವಿನಿಂದ ಜನ ಸತ್ತ ನಾಡಿನಿಂದಲೇ ಈಗ ಕೆಲವರು ಹಸಿವನ್ನು ತಗ್ಗಿಸಿಕೊಳ್ಳಲು ಶಸ್ತ್ರಚಿಕಿತ್ಸೆಯ ಮೇಜು ಹತ್ತುತ್ತಿದ್ದಾರೆ.

'ಬೇರಿಯಾಟ್ರಿಕ್' ಎಂದು ಕರೆಯಲಾಗುವ ಈ ಶಸ್ತ್ರಚಿಕಿತ್ಸೆ ಸಾಮಾನ್ಯವಾಗಿ ಒಂದೆರಡು ಗಂಟೆಯ ಕೆಲಸ. ಆದರೆ ಅದು ಫಲಿಸಿತೋ ಇಲ್ಲವೋ ಎಂಬುದು ತೀರ್ಮಾನವಾಗುವುದು ಆಸ್ಪತ್ರೆಯಲ್ಲಲ್ಲ, ಆಮೇಲಿನ ತಿಂಗಳುಗಳಲ್ಲಿ, ಮನೆಯ ಅಡುಗೆಮನೆಯಲ್ಲಿ. ಈ ಚಿಕಿತ್ಸೆಯ ಇತಿಹಾಸವೂ ಇದನ್ನೇ ಹೇಳುತ್ತದೆ.

ಹುಣ್ಣಿನಿಂದ ಬಂದ ಪಾಠ

ಜಠರವನ್ನು ಕತ್ತರಿಸಿಯೂ ಮನುಷ್ಯ ಬದುಕಬಲ್ಲನೆಂದು ತೋರಿಸಿದವನು ವಿಯೆನ್ನಾದ ಥಿಯೋಡೋರ್ ಬಿಲ್‌ರೋತ್. 1881ರ ಜನವರಿಯಲ್ಲಿ ಆತ ಕ್ಯಾನ್ಸರ್ ಪೀಡಿತ ಮಹಿಳೆಯೊಬ್ಬಳ ಜಠರದ ಒಂದು ಭಾಗವನ್ನು ತೆಗೆದು ಉಳಿದುದನ್ನು ಕರುಳಿಗೆ ಜೋಡಿಸಿದ. ಮುಂದಿನ ದಶಕಗಳಲ್ಲಿ ಇದೇ ಬಗೆಯ ಶಸ್ತ್ರಕ್ರಿಯೆ ಜಠರದ ಹುಣ್ಣಿಗೂ ಬಳಕೆಗೆ ಬಂತು. ಅಂಥ ರೋಗಿಗಳು ಹುಣ್ಣು ವಾಸಿಯಾದ ಮೇಲೂ ತೂಕ ಕಳೆದುಕೊಂಡೇ ಇರುತ್ತಿದ್ದರು. ಆ ಕಾಲದ ವೈದ್ಯರಿಗೆ ಇದೊಂದು ಅಡ್ಡಪರಿಣಾಮವಾಗಿತ್ತು.

ತೂಕ ಇಳಿಸುವ ಸಲುವಾಗಿಯೇ ಮೊದಲು ಕೈ ಹಾಕಿದ್ದು ಜಠರಕ್ಕಲ್ಲ, ಕರುಳಿಗೆ. 1954ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಕ್ರೆಮೆನ್, ಲಿನ್ನರ್ ಮತ್ತು ಅವರ ಸಂಗಡಿಗರು ಸಣ್ಣ ಕರುಳಿನ ಬಹುಭಾಗವನ್ನು ಬಳಸುದಾರಿಯಿಂದ ತಪ್ಪಿಸುವ ವಿಧಾನವನ್ನು ವರದಿ ಮಾಡಿದರು. ತಿಂದದ್ದು ಮೈಗೆ ಹತ್ತುವ ಮುನ್ನವೇ ಹೊರಹೋಗಲಿ ಎಂಬುದು ಅದರ ತರ್ಕ. ತೂಕವೇನೋ ಇಳಿಯಿತು. ಆದರೆ ವರ್ಷಗಳು ಕಳೆದಂತೆ ನಿಲ್ಲದ ಭೇದಿ, ಮೂತ್ರಪಿಂಡದ ಕಲ್ಲು, ಯಕೃತ್ತಿನ ವೈಫಲ್ಯ ಕಾಣಿಸಿಕೊಂಡವು. 1980ರ ದಶಕದ ಹೊತ್ತಿಗೆ ವೈದ್ಯರು ಆ ವಿಧಾನವನ್ನೇ ಕೈಬಿಟ್ಟರು. ಶಸ್ತ್ರಕ್ರಿಯೆಯಲ್ಲಿ ಕುಶಲತೆಯ ಕೊರತೆಯಿರಲಿಲ್ಲ; ಆಮೇಲಿನ ಬದುಕಿನ ಲೆಕ್ಕ ತಪ್ಪಿತ್ತು.

ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ ಹುಣ್ಣಿನ ರೋಗಿಗಳ ಹಳೆಯ ಅನುಭವವನ್ನು ಬೇರೆ ಕಣ್ಣಿನಿಂದ ನೋಡಿದರು. ಜಠರದ ಮೇಲ್ಭಾಗದಲ್ಲಿ ಪುಟ್ಟ ಚೀಲವೊಂದನ್ನು ಉಳಿಸಿ ಅದನ್ನು ಕರುಳಿಗೆ ಜೋಡಿಸುವ ವಿಧಾನವನ್ನು ಅವರು ಮತ್ತು ಇಟೊ 1967ರಲ್ಲಿ ಪ್ರಕಟಿಸಿದರು. 1994ರಲ್ಲಿ ಇದೇ ಚಿಕಿತ್ಸೆಯನ್ನು ಸಣ್ಣ ರಂಧ್ರಗಳ ಮೂಲಕ, ದುರ್ಬೀನಿನ ನೆರವಿನಿಂದ ಮಾಡಿದ ವರದಿ ಬಂದ ಮೇಲೆ ರೋಗಿಗಳ ಭಯ ತಗ್ಗಿತು. ಇಂದು ಹೆಚ್ಚು ಬಳಕೆಯಲ್ಲಿರುವ 'ಸ್ಲೀವ್' ವಿಧಾನದಲ್ಲಿ ಜಠರದ ಮುಕ್ಕಾಲು ಭಾಗವನ್ನು ತೆಗೆದು ಅದನ್ನು ಅಂಗಿಯ ತೋಳಿನಂಥ ಕೊಳವೆಯಾಗಿಸುತ್ತಾರೆ. ಉಳಿದದ್ದಕ್ಕೆ ಹಿಡಿಸುವುದು ಸುಮಾರು ಅರ್ಧ ಲೋಟದಷ್ಟು. 1999ರಲ್ಲಿ ಜಪಾನಿನ ವಿಜ್ಞಾನಿಗಳು ಪತ್ತೆ ಮಾಡಿದ, ಹಸಿವನ್ನು ಕೆರಳಿಸುವ 'ಗ್ರೆಲಿನ್' ಎಂಬ ರಸದೂತ ಮುಖ್ಯವಾಗಿ ಹುಟ್ಟುವುದು ತೆಗೆದುಹಾಕಿದ ಆ ಭಾಗದಲ್ಲೇ. ಹೀಗಾಗಿ ಹೊಟ್ಟೆಯ ಜೊತೆಗೆ ಹಸಿವೂ ಕೆಲಕಾಲ ತಗ್ಗುತ್ತದೆ.

ದೇಹತೂಕ ಸೂಚ್ಯಂಕ, ಅಂದರೆ ಕಿಲೋಗ್ರಾಂ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆ, 40 ಇದ್ದವರಿಗೆ, ಇಲ್ಲವೇ 35 ಇದ್ದು ಜೊತೆಗೆ ಬೇರೆ ಕಾಯಿಲೆ ಇದ್ದವರಿಗೆ ಈ ಚಿಕಿತ್ಸೆ ಸಲ್ಲುತ್ತದೆಂದು ಅಮೆರಿಕದ ತಜ್ಞರು 1991ರಲ್ಲಿ ಹೇಳಿದರು. ಭಾರತೀಯರಿಗೆ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ, ಹೃದ್ರೋಗ ಬರುವುದರಿಂದ 2009ರ ಭಾರತೀಯ ತಜ್ಞರ ಒಮ್ಮತ ಇದನ್ನು 37.5 ಮತ್ತು 32.5ಕ್ಕೆ ಇಳಿಸಿತು. 1.6 ಮೀಟರ್ ಎತ್ತರದವರಿಗೆ 37.5 ಎಂದರೆ 96 ಕಿಲೋ. 2022ರಲ್ಲಿ ಅಂತರರಾಷ್ಟ್ರೀಯ ಸಂಘಗಳು ಈ ಮಿತಿಗಳನ್ನು ಇನ್ನಷ್ಟು ಸಡಿಲಿಸಿದವು. 2020ರ ಅಕ್ಟೋಬರಿನಿಂದ ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮಗಳು ತೀವ್ರ ಬೊಜ್ಜಿನ ಶಸ್ತ್ರಚಿಕಿತ್ಸೆಗೆ ಷರತ್ತುಬದ್ಧವಾಗಿ ವಿಮೆಯ ದಾರಿಯನ್ನೂ ತೆರೆದವು.

ಗಂಜಿಯಿಂದ ಅನ್ನಕ್ಕೆ

ಈ ಚಿಕಿತ್ಸೆ ಹೆಚ್ಚಾಗಿ ನಡೆಯುವುದು ಬೆಂಗಳೂರು, ಮೈಸೂರಿನಂಥ ನಗರಗಳಲ್ಲಿ. ಚನ್ನರಾಯಪಟ್ಟಣದವರು ಹೆದ್ದಾರಿಯಲ್ಲಿ ಬೆಂಗಳೂರಿಗೆ ಹೋಗಬಹುದು, ಹೊಳೆನರಸೀಪುರದವರು ರೈಲು ಹತ್ತಿ ಮೈಸೂರಿಗೆ ಹೋಗಬಹುದು. ಅರಕಲಗೂಡಿನವರಿಗೆ ಬಸ್ಸೇ ಗತಿ. ಎರಡು ಮೂರು ದಿನದಲ್ಲಿ ರೋಗಿಯನ್ನು ಮನೆಗೆ ಕಳಿಸುತ್ತಾರೆ. ಅಲ್ಲಿಂದಾಚೆಗೆ ವೈದ್ಯರು ನೂರಾರು ಕಿಲೋಮೀಟರ್ ದೂರ, ಅಡುಗೆ ಮಾಡುವವರು ಮಾತ್ರ ಹತ್ತಿರ.

ಮೊದಲ ಒಂದೆರಡು ವಾರ ದ್ರವಾಹಾರ ಮಾತ್ರ. ಅದೂ ಗುಟುಕು ಗುಟುಕಾಗಿ. ಅನಂತರ ನುಣ್ಣಗೆ ಅರೆದದ್ದು, ತಿಂಗಳಾದ ಮೇಲೆ ಮೆತ್ತಗಿನದು, ಆರರಿಂದ ಎಂಟು ವಾರದ ಹೊತ್ತಿಗೆ ಸಾಮಾನ್ಯ ಊಟದ ಸಣ್ಣ ಪಾಲು. ಜಠರದ ಹೊಲಿಗೆ ಕೂಡಿಕೊಳ್ಳಲು ಇಷ್ಟು ಸಮಯ ಬೇಕು.

ಈ ಕ್ರಮ ನಮ್ಮವರಿಗೆ ಹೊಸದೇನಲ್ಲ. ಆಯುರ್ವೇದದಲ್ಲಿ ವಮನ, ವಿರೇಚನಗಳಾದ ಮೇಲೆ ಅನುಸರಿಸುವ 'ಸಂಸರ್ಜನ ಕ್ರಮ'ದಲ್ಲಿ ಮೊದಲು ತೆಳು ಗಂಜಿಯಾದ ಪೇಯ, ಆಮೇಲೆ ಗಟ್ಟಿ ಗಂಜಿಯಾದ ವಿಲೇಪಿ, ನಂತರ ಬೇಳೆಯ ಕಟ್ಟಾದ ಯೂಷ, ಕೊನೆಗೆ ಮಾಂಸರಸ ಹೀಗೆ ಮೆಟ್ಟಿಲುಗಳಿವೆ. ಸಣ್ಣ ಕಿಡಿಯನ್ನು ಹುಲ್ಲು, ಬೆರಣಿ ಹಾಕಿ ಮೆಲ್ಲನೆ ಬೆಳೆಸುವಂತೆ ಜಠರಾಗ್ನಿಯನ್ನು ಬೆಳೆಸಬೇಕೆಂಬುದು ಚರಕನ ಹೋಲಿಕೆ. ಅತಿಸ್ಥೂಲರಿಗೆ ಬರುವ ಎಂಟು ದೋಷಗಳನ್ನು ಅದೇ ಚರಕಸಂಹಿತೆ ಪಟ್ಟಿ ಮಾಡಿದೆ. ಅತಿಯಾದ ಹಸಿವೂ ಆಯುಷ್ಯ ಕುಗ್ಗುವುದೂ ಅವುಗಳಲ್ಲಿ ಸೇರಿವೆ. ಎರಡು ಪದ್ಧತಿಗಳ ಉದ್ದೇಶ ಬೇರೆ, ಕಾಲಾವಧಿ ಬೇರೆ. ಆದರೆ ದಣಿದ ಹೊಟ್ಟೆಗೆ ಮೆಟ್ಟಿಲು ಮೆಟ್ಟಿಲಾಗಿ ಅನ್ನ ಕೊಡಬೇಕೆಂಬ ವಿವೇಕ ಒಂದೇ. ಬಾಣಂತಿಗೆ, ಜ್ವರ ಬಿಟ್ಟವರಿಗೆ ಗಂಜಿ ಕಾಯಿಸಿ ಗೊತ್ತಿರುವ ಮನೆಯ ಹಿರಿಯರಿಗೆ ಇದನ್ನು ತಿಳಿಸಿ ಹೇಳುವುದು ಕಷ್ಟವಲ್ಲ.

ಮುದ್ದೆ ಎಂಬ ತೊಡಕು

ಕಷ್ಟ ಬರುವುದು ಆಮೇಲೆ. ಒಂದೊಂದು ತುತ್ತನ್ನೂ ಇಪ್ಪತ್ತು ಮೂವತ್ತು ಸಲ ಅಗಿಯಬೇಕು, ನಿಧಾನವಾಗಿ ತಿನ್ನಬೇಕು ಎಂಬುದು ಈ ಚಿಕಿತ್ಸೆಯಾದವರಿಗೆ ಹೇಳುವ ಮೊದಲ ನಿಯಮ. ಹಾಸನ ಸೀಮೆಯ ಮುಖ್ಯ ಊಟವಾದ ರಾಗಿಮುದ್ದೆಯ ನಿಯಮ ಇದಕ್ಕೆ ನೇರ ವಿರುದ್ಧ. ಮುದ್ದೆಯನ್ನು ಅಗಿಯುವಂತಿಲ್ಲ, ಮುರಿದು ಸಾರಿನಲ್ಲಿ ಅದ್ದಿ ನುಂಗಬೇಕು. ಅಗಿದು ತಿನ್ನುವವರನ್ನು ಕಂಡು ನಗುವುದುಂಟು. ಕಿರಿದಾದ ಜಠರದೊಳಗೆ ಹಾಗೆ ನುಂಗಿದ ಉಂಡೆ ಸಿಕ್ಕಿಕೊಂಡರೆ ಎದೆ ಒತ್ತಿದಂತಾಗಿ ವಾಂತಿಯಾಗುತ್ತದೆ.

ಹಾಗೆಂದು ರಾಗಿಯನ್ನೇ ದೂರ ಇಡಬೇಕಾಗಿಲ್ಲ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮೀರಿ ಸುಣ್ಣದ ಅಂಶವಿದೆ. ಅಂಬಲಿಯಾಗಿ ಅದು ಬೇಗನೇ ಮರಳಿ ಬರಬಹುದು. ಕೊರತೆಯಿರುವುದು ಪ್ರೋಟೀನಿನದು. ಈ ಚಿಕಿತ್ಸೆಯಾದವರಿಗೆ ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನು ಬೇಕು, 100 ಗ್ರಾಂ ರಾಗಿಯಲ್ಲಿರುವುದು ಸುಮಾರು 7 ಗ್ರಾಂ. ಹುರುಳಿಯಲ್ಲಿ ಅದರ ಮೂರು ಪಟ್ಟು ಇದೆ. ಆದರೆ ಹುರುಳಿಕಟ್ಟಿನ ಸಾರು ಕುಡಿದರೆ ಸಾಕೆಂದುಕೊಳ್ಳುವಂತಿಲ್ಲ. ಬಸಿದ ಕಟ್ಟಿನಲ್ಲಿ ರುಚಿ ಬರುತ್ತದೆ, ಪ್ರೋಟೀನಿನ ಹೆಚ್ಚು ಪಾಲು ಕಾಳಿನಲ್ಲೇ ಉಳಿಯುತ್ತದೆ. ಬಸ್ಸಾರಿನ ಮಾತೂ ಅಷ್ಟೇ. ಕಾಳನ್ನು ಬೇಯಿಸಿ ಅರೆದು ಕೊಡುವುದು, ಮೊಟ್ಟೆ, ಮೊಸರು, ಮೆತ್ತಗೆ ಬೆಂದ ಮೀನು ಅಥವಾ ಕೋಳಿ ಮುಂದಾಗಬೇಕು. ಮುದ್ದೆ, ಅನ್ನ ಕೊನೆಯ ತುತ್ತಾಗಬೇಕು. ತಟ್ಟೆಯ ಹಳೆಯ ಕ್ರಮವನ್ನೇ ತಲೆಕೆಳಗು ಮಾಡುವ ಕೆಲಸವಿದು.

ಊಟದ ನಡುವೆ ನೀರು ಕುಡಿಯುವಂತಿಲ್ಲ, ಅರ್ಧ ಗಂಟೆ ಕಾಯಬೇಕು. ಒಬ್ಬಟ್ಟು, ಪಾಯಸದಂಥ ಸಿಹಿ, ಅದರಲ್ಲೂ ಬೈಪಾಸ್ ಆದವರಲ್ಲಿ, ನೇರವಾಗಿ ಕರುಳಿಗಿಳಿದು ಬೆವರು, ಎದೆಬಡಿತ, ತಲೆಸುತ್ತು, ಭೇದಿ ತರಬಹುದು. ಬೀಗರೂಟದ ಪಂಕ್ತಿಯಲ್ಲಿ ಕುಳಿತು ನಾಲ್ಕು ಚಮಚದಷ್ಟು ತಿಂದು ಏಳುವುದು ಹೊಟ್ಟೆಗಿಂತ ಮನಸ್ಸಿಗೆ ಭಾರ. ಬಡಿಸುವವರು ಒತ್ತಾಯ ಮಾಡುತ್ತಾರೆ, ಬೇಡವೆಂದರೆ ಮುನಿಸು. ಚಿಕಿತ್ಸೆಯ ವಿಷಯವನ್ನು ಮುಚ್ಚಿಟ್ಟವರಿಗಂತೂ ಪ್ರತಿ ಮದುವೆಯೂ ಒಂದು ಪರೀಕ್ಷೆ.

ಮೂರನೆಯ ತಿಂಗಳ ನಂತರ

ಮೂರರಿಂದ ಆರು ತಿಂಗಳ ನಡುವೆ ಹಲವರಿಗೆ ಕೂದಲು ಉದುರುತ್ತದೆ. ಮುಖ ಇಳಿಯುತ್ತದೆ, ಚರ್ಮ ಜೋತುಬೀಳುತ್ತದೆ. 'ಏನಾಯ್ತು, ಇಷ್ಟು ಸೊರಗಿದ್ದೀರಲ್ಲ' ಎಂಬ ಮಾತು ಶುರುವಾಗುವುದೂ ಆಗಲೇ. ಕೂದಲು ಸಾಮಾನ್ಯವಾಗಿ ಮತ್ತೆ ಬರುತ್ತದೆ. ಇದು ಎಲ್ಲರ ಕಣ್ಣಿಗೆ ಬೀಳುವ ತೊಂದರೆ, ನಿಜವಾದ ಅಪಾಯ ಕಣ್ಣಿಗೆ ಬೀಳುವುದಿಲ್ಲ.

ವಾಂತಿ ನಿಲ್ಲದೆ ಹೋದರೆ ಕೆಲವೇ ವಾರಗಳಲ್ಲಿ ಥಯಮಿನ್ ಎಂಬ ಬಿ-1 ಜೀವಸತ್ವ ಬರಿದಾಗುತ್ತದೆ. ಆಗ ನಡೆಯುವಾಗ ತಟ್ಟಾಡುವುದು, ಒಂದು ಎರಡಾಗಿ ಕಾಣುವುದು, ಮಾತಿನಲ್ಲಿ ಗೊಂದಲ ಕಾಣಿಸುತ್ತವೆ. ತಕ್ಷಣ ಥಯಮಿನ್ ಚುಚ್ಚುಮದ್ದು ಕೊಡದಿದ್ದರೆ ಮೆದುಳಿಗಾದ ಹಾನಿ ಶಾಶ್ವತವಾಗಬಹುದು. 'ಆಪರೇಷನ್ ಆದವರಿಗೆ ವಾಂತಿ ಇದ್ದದ್ದೇ' ಎಂದು ಮನೆಯವರು ಸುಮ್ಮನಾದರೆ ಅನಾಹುತವಾದೀತು. ಬಿ-12ರ ಕಥೆ ಬೇರೆ. ಯಕೃತ್ತಿನಲ್ಲಿ ಅದರ ದಾಸ್ತಾನು ವರ್ಷಗಳ ಕಾಲ ಇರುವುದರಿಂದ ಕೊರತೆ ತಡವಾಗಿ, ಮಾತ್ರೆ ಬಿಟ್ಟದ್ದು ಮರೆತೇಹೋದ ಕಾಲಕ್ಕೆ ಕಾಣಿಸುತ್ತದೆ. ಸಸ್ಯಾಹಾರಿಗಳಿಗೆ ಈ ಅಪಾಯ ಹೆಚ್ಚು. ಕಬ್ಬಿಣ, ಸುಣ್ಣ, ಡಿ ಜೀವಸತ್ವಗಳನ್ನೂ ನಿಲ್ಲಿಸುವಂತಿಲ್ಲ. ತೂಕ ವೇಗವಾಗಿ ಇಳಿಯುವಾಗ ಪಿತ್ತಕೋಶದಲ್ಲಿ ಕಲ್ಲಾಗುವುದೂ ಉಂಟು. ಹೆಣ್ಣುಮಕ್ಕಳು ವರ್ಷದಿಂದ ಒಂದೂವರೆ ವರ್ಷ ಗರ್ಭಧಾರಣೆಯನ್ನು ಮುಂದೂಡಬೇಕು.

ಇಲ್ಲಿ ಊರಿನ ವ್ಯವಸ್ಥೆಯ ಪ್ರಶ್ನೆ ಬರುತ್ತದೆ. ಹಾಸನದಲ್ಲಿ 2006ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ತಾಲ್ಲೂಕು ಕೇಂದ್ರಗಳಲ್ಲಿ ಆಸ್ಪತ್ರೆಗಳಿವೆ. ರಕ್ತಪರೀಕ್ಷೆಗೆ, ಚುಚ್ಚುಮದ್ದಿಗೆ ಬೆಂಗಳೂರೇ ಬೇಕಾಗಿಲ್ಲ. ಆದರೆ ಚಿಕಿತ್ಸೆಯ ವಿಷಯ ಗುಟ್ಟಾಗಿದ್ದರೆ ಹತ್ತಿರದ ವೈದ್ಯರಿಗೆ ಸುಳಿವೇ ಸಿಗುವುದಿಲ್ಲ. ಬಿಡುಗಡೆಯ ಚೀಟಿಯನ್ನು ಬೀರುವಿನಲ್ಲಿಡದೆ ಊರಿನ ವೈದ್ಯರಿಗೆ ಮೊದಲೇ ತೋರಿಸಿಡುವುದು ಜೀವ ಉಳಿಸುವ ಸಣ್ಣ ಕೆಲಸ.

ಎಣಿಸಿದ ತುತ್ತು

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಕಡಿಮೆ ತಿನ್ನುವುದಕ್ಕೆ ಶತಮಾನಗಳ ಗೌರವವಿದೆ. ಜೈನರ ಬಾಹ್ಯತಪಗಳಲ್ಲಿ 'ಅವಮೌದರ್ಯ' ಒಂದು. ಹೊಟ್ಟೆ ತುಂಬುವ ಮುನ್ನವೇ ಏಳುವ ವ್ರತ ಅದು. ಪುರುಷನ ಪೂರ್ಣ ಆಹಾರ 32 ತುತ್ತು, ಸ್ತ್ರೀಯರದು 28 ತುತ್ತು ಎಂದು ಲೆಕ್ಕ ಹಾಕಿ, ಅದಕ್ಕಿಂತ ಒಂದಾದರೂ ಕಡಿಮೆ ಉಣ್ಣುವುದನ್ನು ಶಾಸ್ತ್ರ ತಪಸ್ಸೆಂದಿತು. ಅಲ್ಲಿ ಮನಸ್ಸು ಮೊದಲು ಒಪ್ಪುತ್ತದೆ, ಹೊಟ್ಟೆ ಆಮೇಲೆ ಒಗ್ಗುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ಹೊಟ್ಟೆ ಒಂದೇ ದಿನದಲ್ಲಿ ಕಿರಿದಾಗುತ್ತದೆ, ಮನಸ್ಸು ಅದನ್ನು ಹಿಂಬಾಲಿಸಬೇಕಾಗುತ್ತದೆ. ವ್ರತ ಹಿಡಿದವರನ್ನು ಸಮಾಜ ಒತ್ತಾಯಿಸುವುದಿಲ್ಲ. ಚಿಕಿತ್ಸೆಯಾದವರಿಗೂ ಅದೇ ಮರ್ಯಾದೆ ಸಲ್ಲಬೇಕು.

ಮನಸ್ಸಿನ ಪಾಲು ದೊಡ್ಡದೆಂಬುದಕ್ಕೆ ಕಾರಣವಿದೆ. ತೂಕ ಬಹುಪಾಲು ಇಳಿಯುವುದು ಮೊದಲ ವರ್ಷ, ಒಂದೂವರೆ ವರ್ಷದಲ್ಲಿ. ಆಮೇಲೆ ಹಸಿವು ಮರಳುತ್ತದೆ, ತೂಕವೂ ಸ್ವಲ್ಪ ಮರಳಬಹುದು. ಮದ್ಯ ಬೇಗ ನೆತ್ತಿಗೇರುವುದರಿಂದ ಎರಡನೆಯ ವರ್ಷದಿಂದಾಚೆಗೆ ಕೆಲವರಲ್ಲಿ ಕುಡಿತದ ಚಟವೂ ಕಂಡುಬಂದಿದೆ. ಇಷ್ಟಾಗಿಯೂ ಚಿಕಿತ್ಸೆಯ ಫಲ ಸಣ್ಣದಲ್ಲ. 1987ರಲ್ಲಿ ಆರಂಭವಾದ ಸ್ವೀಡನ್ನಿನ ಅಧ್ಯಯನವೊಂದು ಸರಾಸರಿ ಹತ್ತು ವರ್ಷಕ್ಕೂ ಮೀರಿ ಜನರನ್ನು ಗಮನಿಸಿ 2007ರಲ್ಲಿ ಫಲಿತಾಂಶ ಪ್ರಕಟಿಸಿತು. ಶಸ್ತ್ರಚಿಕಿತ್ಸೆ ಆಗದ 2,037 ಮಂದಿಯಲ್ಲಿ 129 ಜನ ತೀರಿಕೊಂಡಿದ್ದರೆ, ಆದ 2,010 ಮಂದಿಯಲ್ಲಿ 101 ಜನ ತೀರಿಕೊಂಡಿದ್ದರು. ಸಕ್ಕರೆ ಕಾಯಿಲೆಯ ಮಾತ್ರೆ ಕಡಿಮೆಯಾಗುವುದು, ಮಂಡಿ ನೋವು ತಗ್ಗುವುದು ಹಲವರ ಅನುಭವಕ್ಕೆ ಬರುವ ಲಾಭ.

ತೂಕ ಇಳಿಸುವ ಹೊಸ ಚುಚ್ಚುಮದ್ದುಗಳು 2025ರಲ್ಲಿ ಭಾರತದ ಮಾರುಕಟ್ಟೆಗೂ ಬಂದಿವೆ. ದಾರಿ ಯಾವುದಾದರೂ ಕಡಿಮೆ ಉಣ್ಣುವವರ ತಟ್ಟೆಯಲ್ಲಿ ಏನಿರಬೇಕೆಂಬ ಪ್ರಶ್ನೆ ಅದೇ. ಬರಗಾಲ ಕಂಡ ಸೀಮೆಯಲ್ಲಿ ಇನ್ನೊಂದು ತುತ್ತು ಇಕ್ಕುವುದು ಪ್ರೀತಿಯಾಗಿತ್ತು. ಹೊಟ್ಟೆ ಕಿರಿದಾದವರ ಮನೆಯಲ್ಲಿ ಕಾಳನ್ನು ನುಣ್ಣಗೆ ಅರೆದಿಟ್ಟು, ಮಾತ್ರೆಯ ಹೊತ್ತನ್ನು ನೆನಪಿಸಿ, ಸಾಕೆಂದಾಗ ತಟ್ಟೆ ತೆಗೆಯುವುದೂ ಅಷ್ಟೇ ಪ್ರೀತಿ.