ಕುಂಸಿಯ ಕಲ್ಲು, ಕಡಲಡಿಯ ಗಂಟು

ಶಿವಮೊಗ್ಗೆಯಿಂದ ತಾಳಗುಪ್ಪದ ರೈಲು ಹಿಡಿದವರಿಗೆ ಕುಂಸಿಯ ನಿಲ್ದಾಣ ಹೊಸದಲ್ಲ. ಆ ಸೀಮೆಯ ಗುಡ್ಡಗಳಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಮ್ಯಾಂಗನೀಸಿನ ಕಪ್ಪು ಅದಿರನ್ನು ಅಗೆದರು. ಮ್ಯಾಂಗನೀಸ್ ಬೆರೆಸದ ಉಕ್ಕು ಗಂಧಕದ ದೋಷದಿಂದ, ಕಾಯಿಸಿ ಬಡಿಯುವಾಗಲೇ ಬಿರಿಯುವುದುಂಟು. 1923ರಿಂದ ಕಬ್ಬಿಣ ಕರಗಿಸಿದ ಭದ್ರಾವತಿಯವರಿಗೆ ಇದನ್ನು ನಾನು ಹೇಳಬೇಕಾದುದಿಲ್ಲ. ಇದೇ ಲೋಹ ಕಡಲಿನ ಅಡಿಯಲ್ಲೂ ಗಂಟುಗಂಟಾಗಿ ಬಿದ್ದಿದೆಯೆಂದರೆ ನಂಬುವಿರಾ?

1872ರ ಡಿಸೆಂಬರಿನಲ್ಲಿ ಇಂಗ್ಲೆಂಡಿನಿಂದ ಹೊರಟ ‘ಚಾಲೆಂಜರ್’ ಹಡಗು ಮೂರು ವರ್ಷಕ್ಕೂ ಹೆಚ್ಚು ಕಾಲ ಸಾಗರಗಳನ್ನು ಸುತ್ತಿತು. ಉದ್ದನೆಯ ಹಗ್ಗಕ್ಕೆ ಬಲೆಚೀಲ ಕಟ್ಟಿ, ಮೈಲಿಗಟ್ಟಲೆ ಆಳಕ್ಕೆ ಇಳಿಬಿಟ್ಟು, ತಳವನ್ನು ಕೆರೆದು ಮೇಲಕ್ಕೆಳೆಯುವುದು ಅವರ ನಿತ್ಯದ ಕೆಲಸ. ಗಂಟೆಗಟ್ಟಲೆ ಎಳೆದು ಕೊನೆಗೆ ಕಾಣುವುದು ಒಂದಿಷ್ಟು ಕೆಸರು. ನಾವಿಕರು ಬೇಸತ್ತುದರಲ್ಲಿ ಸೋಜಿಗವಿಲ್ಲ. 1873ರ ಫೆಬ್ರವರಿಯಲ್ಲಿ ಹಾಗೆ ಬಂದ ಚೀಲದಲ್ಲಿ ಕಪ್ಪು ಗಂಟುಗಳಿದ್ದವು. ಮುಂದೆ ಸಿಕ್ಕ ಕೆಲವನ್ನು ಒಡೆದು ನೋಡಿದರೆ ನಟ್ಟನಡುವೆ ಶಾರ್ಕ್ ಮೀನಿನ ಹಲ್ಲು! ಅದರ ಸುತ್ತ ನೀರಿನಲ್ಲಿ ಕರಗಿದ್ದ ಮ್ಯಾಂಗನೀಸೂ ಕಬ್ಬಿಣವೂ ಪದರಪದರವಾಗಿ ಕೂಡಿಕೊಂಡಿದ್ದವು. ಹತ್ತು ಲಕ್ಷ ವರ್ಷಕ್ಕೆ ಕೆಲವೇ ಮಿಲಿಮೀಟರಿನ ಬೆಳೆ ಇದು.

ನಮ್ಮ ‘ಗವೇಷಣಿ’ ನೌಕೆ 1981ರ ಜನವರಿ 26ರಂದು ಅರಬ್ಬಿ ಸಮುದ್ರದಿಂದ ಮೊದಲ ಗಂಟನ್ನೆತ್ತಿತು. 1987ರಲ್ಲಿ ಹಿಂದೂ ಮಹಾಸಾಗರದ ನಡುವೆ 1,50,000 ಚದರ ಕಿಲೋಮೀಟರ್ ತಳ ಭಾರತದ ಅನ್ವೇಷಣೆಗೆ ದೊರೆಯಿತು. ಅದರಲ್ಲಿ ಉಳಿಸಿಕೊಂಡದ್ದು 75,000. ತಾಮ್ರ, ನಿಕ್ಕಲ್, ಕೋಬಾಲ್ಟ್‌ಗಳೂ ಗಂಟಿನೊಳಗಿವೆ, ಆಸೆ ಸಣ್ಣದಲ್ಲ.

ಗಂಟು ಎತ್ತಿದ ಜಾಗದ ಗತಿಯೇನು? 1989ರಲ್ಲಿ ಜರ್ಮನಿಯ ವಿಜ್ಞಾನಿಗಳು ಪೆರು ದೇಶದ ಆಚೆಯ ಕಡಲಲ್ಲಿ, 4 ಕಿಲೋಮೀಟರಿಗೂ ಮಿಕ್ಕ ಆಳದಲ್ಲಿ, ರಂಟೆಯಂಥ ಸಲಕರಣೆ ಎಳೆದು ತಳವನ್ನು ಉತ್ತರು. 26 ವರ್ಷ ಕಳೆದು 2015ರಲ್ಲಿ ಹೋಗಿ ನೋಡಿದರೆ ಸಾಲುಗಳು ಇನ್ನೂ ಕಾಣುತ್ತಿದ್ದವು. ಗಂಟನ್ನೇ ನೆಲೆಮಾಡಿಕೊಂಡು ಬಾಳುವ ಜೀವಿಗಳು ಬಹುಮಟ್ಟಿಗೆ ಮರಳಿರಲಿಲ್ಲ.

ಅಗೆದ ಗುಡ್ಡವನ್ನು ಮಲೆನಾಡಿನ ನಾವು ಕಾಣದವರಲ್ಲ. ನಾಲ್ಕು ಮಳೆಗಾಲ ಸುರಿದರೆ ಅದರ ಮೈಮೇಲೆ ಲಂಟಾನವಾದರೂ ಹಬ್ಬುತ್ತದೆ. ಅಲ್ಲಿ ಬಿಸಿಲೂ ಇಲ್ಲ, ಮಳೆಯೂ ಇಲ್ಲ. ಅವಸರ ಬೇಡವೆನ್ನುವವರ ಕಡೆಗೇ ನನ್ನ ಒಲವು. ನಮ್ಮ ವಿಜ್ಞಾನಿಗಳೂ 1997ರಲ್ಲಿ ಹಿಂದೂ ಮಹಾಸಾಗರದ ತಳದ ಒಂದು ತುಣುಕನ್ನು ಬೇಕೆಂದೇ ಕದಡಿ, ಎದ್ದ ಕೆಸರು ಎಲ್ಲಿ ಕೂರುತ್ತದೆ, ಅಲ್ಲಿನ ಹುಳುಹುಪ್ಪಟೆ ಏನಾಗುತ್ತವೆ ಎಂದು ವರ್ಷಗಟ್ಟಲೆ ನೋಡುತ್ತ ಬಂದರು.